ಪ್ರೇಮಕುಮಾರಿಯ ಕಡ್ಡಿ ಲೆಕ್ಕ

ಅದು ಎರಡು ಸಾವಿರದ ನಾಲ್ಕರ ಬೇಸಿಗೆ. ನನ್ನ ಮಗ ತನ್ಮಯನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಜ್ವರ ಏರಿದರೆ ಅವನಿಗೆ ಫಿಟ್ಸ್ ಬರುತ್ತಿತ್ತು. ದೇವರಮನೆ ದಾರಿಯ ನಮ್ಮ ಮನೆಯಿಂದ ಮೂಡಿಗೆರೆ ಆಸ್ಪತ್ರೆಗೆ ಹೋಗಲು ಜೀಪು ಬೇಕು, ಜೀಪು ಕರೆಸಲು ಫೋನು ಬೇಕು. ತಂತಿಯ ಫೋನು ಮೊದಲ ಮಳೆಗೆ ಸತ್ತರೆ ಮತ್ತೆ ಜೀವ ಬರುವುದು ದಸರಾ ಹೊತ್ತಿಗೆ. ಅದಕ್ಕೇ ನನ್ನ ಯಜಮಾನರು ತಂತಿಯಿಲ್ಲದ ಹೊಸ ಫೋನು ತಂದರು. ಮನೆಯೊಳಗೆ ಅದಕ್ಕೆ ಸಿಗ್ನಲ್ಲೇ ಇಲ್ಲ. ಹೊರಗೆ ಎತ್ತರದಲ್ಲಿ ಆಂಟೆನಾ ಕಟ್ಟಿಸಲೇಬೇಕಾಯಿತು.

ಕಟ್ಟಲು ಬಂದವರು ಗಂಡ ಹೆಂಡತಿ. ಕೆಂಚಯ್ಯ ಹಿಂದೆ ಎಸ್ಟೇಟುಗಳಲ್ಲಿ ಮರಗಸಿ ಮಾಡುತ್ತಿದ್ದವನು, ಅಂದರೆ ಕಾಫಿಗೆ ಬಿಸಿಲು ಬೀಳಲೆಂದು ನೆರಳುಮರ ಹತ್ತಿ ಕೊಂಬೆ ಕಡಿಯುವ ಕೆಲಸ. ಹೆಂಡತಿ ಪ್ರೇಮಕುಮಾರಿ ಅತ್ತಿಗುಂಡಿಯವಳು, ಕಾಫಿ ಹಣ್ಣು ಕುಯ್ಯುತ್ತಿದ್ದವಳು. ಈಗ ಅವನು ಮೇಲೆ ಆಂಟೆನಾ ತಿರುಗಿಸುತ್ತಾನೆ. ಅವಳು ಕೆಳಗೆ ಫೋನಿನ ಮುಂದೆ ಕೂತು, ಅದರ ಪರದೆಯಲ್ಲಿ ಸಿಗ್ನಲ್ಲಿನ ಕಡ್ಡಿ ಎಷ್ಟು ಎದ್ದಿವೆಯೆಂದು ಕೂಗಿ ಹೇಳುತ್ತಾಳೆ.

"ಮದುವೆಯಾದ್ಮೇಲೆ ಇವ್ರು ನನ್ನ ಮಾತು ಕೇಳಿದ್ದು ಈ ಕೆಲಸಕ್ಕೆ ಬಂದ್ಮೇಲೇ ಅಕ್ಕಾ," ಎಂದಳು, ತನ್ಮಯನನ್ನು ತೊಡೆಯ ಮೇಲೆ ಕೂರಿಸಿಕೊಂಡು.

"ಕೇಳಿಸ್ತದೆ ಮಾರಾಯ್ತಿ. ಕಡ್ಡಿ ಹೇಳು," ಎಂದ ಕೆಂಚಯ್ಯ ಹೆಂಚಿನ ಮೇಲಿಂದ. ಅವನ ಸೊಂಟದ ಹಗ್ಗಕ್ಕೆ ಗಂಟು ಹಾಕಿದ್ದು ಅವಳೇ. ಆ ಕೆಲಸ ಬೇರೆ ಯಾರಿಗೂ ಬಿಡುವುದಿಲ್ಲವಂತೆ.

ಮನೆ ಪಕ್ಕದ ಸಿಲ್ವರ್ ಓಕ್ ಮರಕ್ಕೇ ಕಟ್ಟಬಹುದಲ್ಲ ಎಂದೆ ನಾನು.

"ಗಾಳಿಗೆ ಮರ ತೂಗ್ತದಲ್ಲ ಅಮ್ಮಾ. ಆಮೇಲೆ ಟವರ್ ಒಂದು ಕಡೆ, ಆಂಟೆನಾ ಮುಖ ಒಂದು ಕಡೆ," ಎಂದು ಅವನು ನಕ್ಕ.

ಮಾಡಿನ ನಡುವೆ ಒಂದೇ ಕಡ್ಡಿ ಎದ್ದಿತು, ಅದೂ ನಿಲ್ಲಲಿಲ್ಲ. ಅವನು ಅಲ್ಯೂಮಿನಿಯಂ ಪೈಪು ಹಿಡಿದು ಮೂಡಲ ಮೂಲೆಗೆ ಸರಿದ. ಫೋನಿನಲ್ಲಿ ನಾಲ್ಕೂ ಕಡ್ಡಿ ತುಂಬಿ ನಿಂತವು. ನನ್ನ ಎದೆ ಹಗುರಾಯಿತು.

"ಏನೂ ಇಲ್ಲ. ಹಿಂದೆ ಬನ್ನಿ," ಎಂದು ಕೂಗಿದಳು ಪ್ರೇಮಕುಮಾರಿ.

"ಸರಿಯಾಗಿ ನೋಡು. ಇಲ್ಲಿಂದ ಟವರ್ರೇ ಕಾಣ್ತದೆ."

"ನಿಮಗೆ ಕಂಡ್ರೆ ಏನು, ಫೋನಿಗೆ ಕಾಣ್ಬೇಕಲ್ಲ."

ನಾನು ಬಾಯಿ ತೆರೆದೆ. ಅವಳು ನನ್ನ ಕೈ ಹಿಡಿದು ದನಿ ಇಳಿಸಿದಳು. "ಆ ಮೂಲೆ ಮೇಲೇ ಕರೆಂಟ್ ಲೈನ್ ಹೋಗಿದೆ ಅಕ್ಕಾ. ನಾಲ್ಕು ಅಂದ್ರೆ ಅಲ್ಲೇ ಪೈಪ್ ಎತ್ತಿ ನಿಲ್ಲಿಸ್ತಾರೆ. ನಮ್ಮಣ್ಣ ಕಾಳುಮೆಣಸು ಕುಯ್ಯೋವಾಗ ಅಲ್ಯೂಮಿನಿಯಂ ಏಣಿ ತಿರುಗಿಸಿದ್ದು, ಲೈನಿಗೆ ತಾಗ್ತು. ಅಷ್ಟೇ."

"ಹಾಗಂತ ಅವ್ರಿಗೆ ಹೇಳು."

"ಹೇಳದೆ ಇರ್ತೀನಾ? 'ಲೈನ್ ಕೆಳಗೇ ಮರಗಸಿ ಮಾಡ್ದೋನು ನಾನು' ಅಂತಾರೆ. ಕಡ್ಡಿ ಇಲ್ಲ ಅಂದ್ರೆ ಮಾತ್ರ ಇಳಿಯೋದು."

ಕೆಂಚಯ್ಯ ಬಗ್ಗಿ ನನ್ನನ್ನೇ ಕೇಳಿದ, "ಅಮ್ಮಾ, ನೀವಾದ್ರೂ ನೋಡಿ. ಎಷ್ಟಿದೆ?"

ಗುಡ್ಡದ ಮೇಲೆ ಮೋಡ ಕಟ್ಟುತ್ತಿತ್ತು. ನಾಲ್ಕು ಕಡ್ಡಿ ಕಣ್ಣೆದುರಿಗೇ ಇದ್ದವು. ತನ್ಮಯ ಅವಳ ಬಳೆ ಎಳೆಯುತ್ತಾ ಕೂತಿದ್ದ.

"ಏನೂ ಇಲ್ಲ ಕೆಂಚಯ್ಯ, ಇಳೀರಿ," ಎಂದೆ.

ಆವತ್ತು ಕೆಲಸ ಮುಗಿಯಲಿಲ್ಲ. ಕಾಫಿ ಒಣಗಿಸುವ ಕಣದಾಚೆಯ ದಿಬ್ಬದಲ್ಲಿ, ಬಿದ್ದರೂ ಲೈನಿಗೆ ತಾಗದಷ್ಟು ದೂರದಲ್ಲಿ, ಕಬ್ಬಿಣದ ಕಂಬಕ್ಕೆ ಸಿಮೆಂಟು ಹಾಕಿ ಹೋದರು. ಅಲ್ಲಿಂದ ಮನೆಯವರೆಗೆ ಎಳೆಯಲು ಉದ್ದನೆಯ ಕೇಬಲ್ ಮೂಡಿಗೆರೆಯಿಂದ ಬರಬೇಕಿತ್ತು. ಅಷ್ಟರಲ್ಲಿ ಮಳೆ ಹಿಡಿಯಿತು. ಮಗುವಿನ ಹಣೆ ಮುಟ್ಟಿ ಮುಟ್ಟಿ ನೋಡುತ್ತಾ, ಪ್ರೇಮಕುಮಾರಿಯನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೂ ಉಂಟು.

ಮಳೆ ಹೊಳವಾಗಿ ಬಿಸಿಲು ಕಂಡ ದಿನ ಇಬ್ಬರೂ ಬಂದರು. ಮೂರು ಕಡ್ಡಿ ಎದ್ದು ಗಟ್ಟಿಯಾಗಿ ನಿಂತವು. ಸಿಡಿಲಿಗೆಂದು ಕಂಬದಿಂದ ನೆಲಕ್ಕೆ ಅರ್ಥಿಂಗ್ ಇಳಿಸಿದರು. ನೀರು ಕೇಬಲ್ ಹಿಡಿದು ಒಳಗೆ ಬರದಂತೆ, ಕಿಟಕಿಯ ಹೊರಗೆ ಅದನ್ನು ಸ್ವಲ್ಪ ಕೆಳಕ್ಕೆ ಇಳಿಬಿಟ್ಟಳು ಅವಳು.

ಆಷಾಢದಲ್ಲಿ ತನ್ಮಯನ ಮೈ ಕೆಂಡವಾಯಿತು. ಫೋನೆತ್ತಿದೆ. ಜೀಪಿನ ಬೊಮ್ಮಯ್ಯ, "ಮಗೂಗೆ ಬೆಚ್ಚಗೆ ಹೊದಿಸ್ಬೇಡಿ ಅಮ್ಮಾ, ಬಂದೆ," ಎಂದ. ಫಿಟ್ಸ್ ಬಂದಿದ್ದು ಆಸ್ಪತ್ರೆಯ ಬಾಗಿಲಲ್ಲಿ, ಡಾಕ್ಟರ ಕೈಯಳತೆಯಲ್ಲಿ.

ಮಳೆಗಾಲ ಕಳೆದ ಮೇಲೆ ಗಂಡ ಹೆಂಡತಿ ಕಂಬ ನೋಡಿ ಹೋಗಲು ಬಂದಿದ್ದರು. ಜಗಲಿಯಲ್ಲಿ ಕೂತ ಕೆಂಚಯ್ಯ ಲೋಟ ಹಿಡಿದು ಮಾಡಿನ ಮೂಡಲ ಮೂಲೆಯನ್ನೇ ನೋಡುತ್ತಿದ್ದ.

"ಅಲ್ಲಿ ಒಂದು ಕಡ್ಡೀನೂ ಬರ್ಲಿಲ್ಲ ಅಂದ್ರೆ ನಂಬೋಕೇ ಆಗಲ್ಲ ಅಮ್ಮಾ. ಟವರ್ ಎದುರಿಗೇ ಇತ್ತು."

ನಾನು ಸೆರಗು ಸರಿಮಾಡಿಕೊಂಡೆ. ಪ್ರೇಮಕುಮಾರಿ ತನ್ಮಯನ ಮೂಗು ಒರೆಸುತ್ತಾ, "ಕಾಫಿ ಆರ್ತದೆ, ಕುಡೀರಿ," ಎಂದಳು.