ಇಮ್ಯಾಜಿ ಎಂಬ ಊರು

ನುಸಿಗುಳಿಗೆಯ ವಾಸನೆ ಬಂದರೆ ಸಾಕು, ಈ ವಯಸ್ಸಿನಲ್ಲೂ ಎಲ್ಲಿಗೋ ಹೊರಡಬೇಕೆಂಬ ಗಾಬರಿ ನನಗೆ ಶುರುವಾಗುತ್ತದೆ. ಅತ್ತೆಯ ಮದುವೆಯ ಮಾರನೆಯ ಬೆಳಿಗ್ಗೆ, ನಂಜನಗೂಡಿನ ನಮ್ಮ ಮನೆಯ ಜಗಲಿಯಲ್ಲಿ, ಆ ವಾಸನೆ ಹತ್ತಿದ ಲಂಗಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಚಿಂತಿಸುತ್ತಾ ಕೂತಿದ್ದೆ. ವ್ಯಾನಿನಲ್ಲಿ ವಾಂತಿಯಾದರೆ? ಅತ್ತೆಯ ಗಂಡನ ಊರಾದ ನರಸೀಪುರದ ಶಾಲೆಯವರು ನನ್ನನ್ನು ಹಿಂದಿನ ಕ್ಲಾಸಿಗೆ ಹಾಕಿದರೆ? ಹೊಸ ಮಾವನಿಗೆ ನನ್ನ ಗೊರಕೆ ಕೇಳಿಸಿದರೆ? ಅದು ಎರಡು ಹೊಳೆ ಸೇರುವ ಊರಂತೆ; ಎರಡೂ ಒಟ್ಟಿಗೆ ಉಕ್ಕಿ ಮನೆಯೊಳಗೇ ಬಂದುಬಿಟ್ಟರೆ? ಅತ್ತೆ ನನ್ನನ್ನು ಕರೆದೊಯ್ಯದೇ ಹೋದರೆ ಎಂಬುದೊಂದು ಮಾತ್ರ, ಚಿಂತೆ ಮಾಡುವುದರಲ್ಲಿ ಅಷ್ಟು ಪಳಗಿದ್ದ ನನ್ನ ತಲೆಗೂ ಹೊಳೆದಿರಲಿಲ್ಲ.

ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಅಪ್ಪನ ತಂಗಿಯಾದ ಈ ಅತ್ತೆಯೇ. ಬಿ.ಎ. ಓದಿದವರು; ನನ್ನ ತಲೆ ಬಾಚುತ್ತಲೇ ಇಂಗ್ಲಿಷ್ ಪದಗಳನ್ನು ಹೇಳಿಕೊಡುತ್ತಿದ್ದರು. ಅಟ್ಟದ ಬೆಕ್ಕಿಗೆ ಮೈಸೂರಿನಲ್ಲೊಬ್ಬ ಚಿಕ್ಕಪ್ಪನಿದ್ದಾನೆಂದು ನಾನು ಕಥೆ ಕಟ್ಟಿದ ದಿನ, "ನೀನು ಇಮ್ಯಾಜಿನೇಟಿವ್ ಕಣೇ" ಎಂದರು. ಅಪ್ಪ ಅಂಗಡಿಗೆ ಬಂದವರನ್ನೆಲ್ಲ "ತಮ್ಮ ನೇಟಿವ್ ಯಾವ್ದು ಸಾ?" ಎಂದು ಕೇಳುವುದನ್ನು ದಿನವೂ ಕೇಳುತ್ತಿದ್ದ ನಾನು, ಇದೂ ಒಂದು ಊರೇ ಇರಬೇಕೆಂದುಕೊಂಡೆ.

"ಇಮ್ಯಾಜಿ ಎಲ್ಲಿ ಬತ್ತದೆ ಅತ್ತೆ? ಗುಂಡ್ಲುಪೇಟೆ ತಾವಾ?"

ಅತ್ತೆ ನಕ್ಕ ರಭಸಕ್ಕೆ ಬಾಚಣಿಗೆ ಜಾರಿ ಬಿತ್ತು. "ಊರಲ್ಲ ಕಣೇ ಪೆದ್ದಿ. ಇಲ್ದೇ ಇರೋದನ್ನ ಕಣ್ಮುಂದೆ ತಂದು ನಿಲ್ಲಿಸೋರು ಅಂತ. ಒಳ್ಳೇ ಮಾತು." ಮದುವೆ ಆಗಲೇ ನಿಶ್ಚಯವಾಗಿತ್ತು; ಜಡೆಗೆ ಟೇಪು ಕಟ್ಟುತ್ತಾ ಅಂದೇ ಹೇಳಿದ್ದರು: "ನಿನ್ನ ಬಿಟ್ಟು ಹೋಗ್ತೀನಾ? ನರಸೀಪುರಕ್ಕೂ ಕರ್ಕೊಂಡೇ ಹೋಗೋದು."

ವ್ಯಾನು ಬಂತು. ಚೀಲ ಹಿಡಿದು ಹತ್ತಹೋದ ನನ್ನನ್ನು ಕಂಡು ಗಂಡಿನ ಅಕ್ಕ, "ಇದೇನವ್ವ, ಮಗೀನೂ ಬತ್ತದಾ?" ಎಂದರು.

"ಅತ್ತೇನೇ ಕರ್ಕೊಂಡು ಓಯ್ತೀನಿ ಅಂದವ್ರೆ," ಎಂದೆ.

ಎಲ್ಲರೂ ಅತ್ತೆಯ ಮುಖ ನೋಡಿದರು. ಅತ್ತೆ ಸೆರಗು ಸರಿಮಾಡಿಕೊಂಡು, ನನ್ನ ಕಡೆ ತಿರುಗದೆ, "ಅಯ್ಯೋ, ಇಲ್ಲ ಅಕ್ಕ. ಅವಳು ಸ್ವಲ್ಪ ಇಮ್ಯಾಜಿನೇಟಿವ್" ಎಂದರು.

ಗಂಡಿನ ಕಡೆಯವರು ನಕ್ಕರು. ಅಪ್ಪನೂ ನಕ್ಕರು. ಅಷ್ಟು ಜನರೆದುರು ನನ್ನನ್ನು ಹೊಗಳಿದರಲ್ಲ ಎಂದು ನಾನೂ ನಕ್ಕೆ. ಪದದ ಅರ್ಥ ನನಗೆ ಮೊದಲೇ ಗೊತ್ತಿತ್ತು; ಬಳಕೆ ತಿಳಿದದ್ದು ವ್ಯಾನಿನ ಬಾಗಿಲು ಹಾಕಿಕೊಂಡ ಮೇಲೆ.

ಆಮೇಲೆಯೂ ಅತ್ತೆ ಹಬ್ಬಕ್ಕೆ ಬಂದರು, ಹೋದರು, ನನ್ನ ತಲೆಯನ್ನೂ ಬಾಚಿದರು. ಯಾಕೆ ಹಾಗಂದಿರಿ ಎಂದು ನಾನು ಕೇಳಲಿಲ್ಲ. ಕೇಳಿದರೆ ಮತ್ತೆ ಅದೇ ಪದ ಬಂದೀತೆಂಬ ಭಯ. ಈಗ ಆ ಮನೆಯೂ ಇಲ್ಲ, ಅತ್ತೆಯೂ ಇಲ್ಲ. ಅಂದು ನಕ್ಕವರಲ್ಲಿ ಉಳಿದಿರುವವಳು ನಾನೊಬ್ಬಳೇ.