ಸಮುದ್ರದಿಂದ ತಂದ ಗಣಪತಿ

ಆಗೆಲ್ಲ ನಮ್ಮ ಯಲ್ದೂರಿನ ಕಡೆ ಮಾವಿನ ಕಾಲ ಮುಗಿಯುವ ಹೊತ್ತಿಗೆ ಮನೆಯಲ್ಲಿ ಒಬ್ಬರಿಗೂ ಮಾತಾಡುವ ತ್ರಾಣ ಉಳಿದಿರುತ್ತಿರಲಿಲ್ಲ. ಬಾದಾಮಿ ಹೋಗಿ, ರಸಪುರಿ ಹೋಗಿ, ಕೊನೆಗೆ ನೀಲಂ ಹಣ್ಣೂ ಶ್ರೀನಿವಾಸಪುರದ ಮಂಡಿ ಸೇರಿದ ಮೇಲೆ ಅಪ್ಪ ಜಗುಲಿಯ ಮೇಲೆ ಟವಲು ಹಾಸಿಕೊಂಡು ಮಲಗಿಬಿಡುತ್ತಿದ್ದರು. ಅಮ್ಮನಿಗೆ ಆ ಯೋಗವೂ ಇರಲಿಲ್ಲ. ತೋಟದಲ್ಲಿ ಹಣ್ಣು ಆಯ್ದು ಬಂದವಳು ಅದೇ ಕೈಯಲ್ಲಿ ಆಳುಗಳಿಗೆ ಮುದ್ದೆ ತಿರುವಬೇಕಿತ್ತು. ಮಾವಿನ ಸೊನೆ ತಗುಲಿ ಅವಳ ಬೆರಳ ಸಂದಿಗಳೆಲ್ಲ ಕಪ್ಪಗೆ ಸುಟ್ಟಿರುತ್ತಿದ್ದವು. ಮನೆ ತುಂಬ ಒಣಹುಲ್ಲಿನ, ಕೊಳೆತ ಹಣ್ಣಿನ ವಾಸನೆ. ಇವತ್ತಿಗೂ ಆ ವಾಸನೆ ಬಂದರೆ ನನಗೆ ಬಾಯಲ್ಲಿ ನೀರೂರುವುದಿಲ್ಲ, ನಿದ್ದೆ ಬರುತ್ತದೆ.

ಅಂಥದೊಂದು ಮಾವಿನ ಕಾಲ ಕಳೆದ ಮೇಲೆ ಅಪ್ಪ ಇದ್ದಕ್ಕಿದ್ದಂತೆ, ಮಹಾಬಲಿಪುರಕ್ಕೆ ಹೋಗಿ ಸಮುದ್ರ ನೋಡಿಕೊಂಡು ಬರೋಣ ಅಂದರು. ನಾನಾಗ ಐದನೇ ಕ್ಲಾಸು, ತಮ್ಮ ಮಂಜು ಎರಡನೇ ಕ್ಲಾಸು. ನಮ್ಮಲ್ಲಿ ಯಾರೂ ಸಮುದ್ರ ನೋಡಿದವರಲ್ಲ. ಕೆರೆ ಕೋಡಿ ಬಿದ್ದರೇ ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುವ ಸೀಮೆ ನಮ್ಮದು. "ಎಷ್ಟು ಕೆರೆ ಸೇರಿಸಿದ್ರೆ ಒಂದು ಸಮುದ್ರ ಆಗ್ತದೆ?" ಎಂದು ಮಂಜು ಎಲ್ಲರ ತಲೆ ತಿಂದ. ಅಮ್ಮ ಮಾತ್ರ ಹೊರಡುವ ಹಿಂದಿನ ದಿನ ಹಿತ್ತಲಲ್ಲಿ ಕೂತು ಒರಟು ಕಲ್ಲಿನಿಂದ ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದಳು.

"ಯಾಕಮ್ಮ?" ಅಂದೆ.

"ಸಮುದ್ರದಲ್ಲಿ ಕಾಲಿಡ್ಬೇಕಲ್ಲ ಕಣೇ. ಈ ಕಾಲು ನೋಡಿ ಅದೇನಂದ್ಕೊಳ್ತದೋ" ಅಂತ ನಕ್ಕಳು.

ಅಮ್ಮ ತನಗೋಸ್ಕರ ಏನನ್ನಾದರೂ ಆಸೆಪಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಪ್ಪನ ತಾಯಿ, ನಮ್ಮಜ್ಜಿ, ಹಸುಗಳಿವೆಯೆಂದು ಮನೆಯಲ್ಲೇ ಉಳಿದಳು. ಉಳಿದವಳು ಸುಮ್ಮನೆ ಉಳಿಯಬೇಡವೇ? ಇಡೀ ಬೀದಿಗೆ ಸುದ್ದಿ ಹಂಚಿ ಬಂದಿದ್ದಳು. ಬಾಡಿಗೆ ವ್ಯಾನು ಹೊರಡುವಾಗ ಕಿಟಕಿಗೆ ಮುಖ ಹಾಕಿ, "ನೋಡು ಗಿರಿಜಾ, ಊರಿಗೋದೋರು ಬರಿಗೈಲಿ ಬಂದ್ರೆ ನನ್ ಮರ್ವಾದೆ ಹೋಗ್ತದೆ. ಎಲ್ರ ಮನೆಗೂ ಒಂದೊಂದು ತಗೊಂಬಾ. ಒಬ್ರಿಗೆ ದೊಡ್ದು ಒಬ್ರಿಗೆ ಚಿಕ್ದು ಮಾಡ್ಬೇಡ" ಅಂದಳು. ಗಿರಿಜಾ ನಮ್ಮಮ್ಮ. ಆ ಮಾತಿಗೆ ಅವಳು ತಲೆಯಾಡಿಸಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಮುಳಬಾಗಿಲಲ್ಲಿ ದೋಸೆ ತಿಂದು, ಚಿತ್ತೂರು ದಾಟಿ, ಬಿಸಿಲಲ್ಲಿ ಬೆಂದು ಅಲ್ಲಿಗೆ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ವ್ಯಾನಿನಿಂದ ಕಾಲು ಕೆಳಗಿಟ್ಟ ಕೂಡಲೇ ಅಮ್ಮ ತಲೆಯೆತ್ತಿ ನಿಂತಳು. ಬೀದಿಯುದ್ದಕ್ಕೂ ಉಳಿಯ ಸದ್ದು, ಟಣ್ ಟಣ್ ಟಣ್. ಅಮ್ಮನ ತವರು ಮಾಲೂರು ಕಡೆಯ ಶಿವಾರಪಟ್ಟಣ, ವಿಗ್ರಹ ಕೆತ್ತುವವರ ಮನೆ. "ನಮ್ಮೂರಿಗೇ ಬಂದಂಗಾಯ್ತಲ್ರೀ" ಅಂದಳು. ಅಪ್ಪನಿಗೂ ಖುಷಿಯಾಯಿತು.

ಆದರೆ ವ್ಯಾನು ನಿಂತ ಜಾಗಕ್ಕೂ ಸಮುದ್ರಕ್ಕೂ ನಡುವೆ ಬರೀ ಅಂಗಡಿಗಳು. ಕಪ್ಪೆಚಿಪ್ಪಿನ ಕನ್ನಡಿ, ಚಿಪ್ಪಿನ ಸರ, ಚಿಪ್ಪಿನ ಬಾಗಿಲು ಪರದೆ, ಶಂಖ, ಹೆಸರು ಬರೆದುಕೊಡುವ ಕವಡೆ. ಗಾಳಿಯಲ್ಲಿ ಉಪ್ಪಿನ ಜಿಡ್ಡು, ಕರಿದ ಮೀನಿನ ಘಮ. ಅಪ್ಪ ಅಂಗಡಿಯವರ ಹತ್ತಿರ ತೆಲುಗಿನಲ್ಲಿ ಚೌಕಾಸಿಗೆ ನಿಂತರು. ನಮ್ಮ ಕಡೆಯವರಿಗೆ ಲೋಕದಲ್ಲಿ ಎಲ್ಲಿ ಹೋದರೂ ತೆಲುಗು ನಡೆಯುತ್ತದೆಂಬ ನಂಬಿಕೆ. ಆದರೆ ಯಾವ ಮನೆಗೆ ಯಾವುದು ಎನ್ನುವುದು ಅಪ್ಪನಿಗೆ ಹೇಗೆ ಗೊತ್ತಾಗಬೇಕು? ದೊಡ್ಡಮ್ಮನಿಗೆ ಕನ್ನಡಿ ಕೊಟ್ಟರೆ ಚಿಕ್ಕಮ್ಮನಿಗೂ ಅಷ್ಟೇ ಅಗಲದ್ದು ಬೇಕು. ಎದುರುಮನೆಯವರಿಗೆ ಸರವಾದರೆ ಪಕ್ಕದ ಮನೆಯವರಿಗೆ ಬಣ್ಣ ಕಮ್ಮಿಯಾಗಬಾರದು. ಅಮ್ಮ ಒಂದೊಂದು ಕನ್ನಡಿಯನ್ನೂ ಇನ್ನೊಂದರ ಬೆನ್ನಿಗೆ ಹಿಡಿದು ಅಳೆದು ಆರಿಸುತ್ತಿದ್ದಳು. ತೋಟದಲ್ಲಿ ಹಣ್ಣು ಆಯ್ದ ಹಾಗೆಯೇ ಇತ್ತು ಅದೂ.

ಕೊನೆಗೆ ನಾವು ನೀರಿನ ಹತ್ತಿರ ಹೋದಾಗ ಬಿಸಿಲು ಹಳದಿಗೆ ತಿರುಗಿತ್ತು. ಗಂಟುಗಳನ್ನೂ ಎಲ್ಲರ ಚಪ್ಪಲಿಗಳನ್ನೂ ಯಾರಾದರೂ ಕಾಯಬೇಕಲ್ಲ, ಅಮ್ಮ ಮರಳಿನಂಚಿನ ಕಟ್ಟೆಯ ಮೇಲೆ ಕೂತಳು. ನಾನೂ ಮಂಜುವೂ ಅಪ್ಪನ ಕೈಹಿಡಿದು ಅಲೆಗೆ ಓಡಿದೆವು. ಸ್ವಲ್ಪ ಹೊತ್ತಿಗೆ ಅಪ್ಪ, "ಇಲ್ಲೇ ಇರ್ರಿ, ಬಂದೆ" ಎಂದು ನಮ್ಮನ್ನು ಅಮ್ಮನ ಕಣ್ಣಳತೆಯಲ್ಲಿ ಬಿಟ್ಟು ಅಂಗಡಿಗಳ ಕಡೆ ಹೋದರು. ನಾನು ಓಡಿ ಬಂದು ಅಮ್ಮನ ಕೈ ಎಳೆದೆ.

"ಬಾರಮ್ಮ, ನೀನೂ ಬಾ."

"ಅಪ್ಪ ಬರ್ಲಿ ಕಣೇ. ಈ ಗಂಟು ಬಿಟ್ಟು ಹೆಂಗೆ ಬರ್ಲಿ?"

ನಾನು ಬೊಗಸೆಯಲ್ಲಿ ನೀರು ತುಂಬಿಕೊಂಡು ಅವಳ ಹತ್ತಿರ ಓಡಿದೆ. ಬರುವಷ್ಟರಲ್ಲಿ ನೀರೆಲ್ಲ ಸೋರಿ ಒದ್ದೆ ಮರಳಷ್ಟೇ ಉಳಿದಿತ್ತು. ಅದನ್ನೇ ಅವಳ ಉಜ್ಜಿದ ಹಿಮ್ಮಡಿಗೆ ಸವರಿದೆ. ಅಮ್ಮ ಕಚಗುಳಿಯಾದವಳಂತೆ ಕಾಲು ಎಳೆದುಕೊಂಡಳು.

ಅಪ್ಪ ಬಂದರು. ಬಗಲಲ್ಲಿ ಪೇಪರು ಸುತ್ತಿ ಹುರಿ ಬಿಗಿದ ಒಂದು ಭಾರವಾದ ಪೊಟ್ಟಣ. ಹಿಂದೆಯೇ ಡ್ರೈವರು ಹಾರನ್ ಹೊಡೆಯತೊಡಗಿದ, ನಡುರಾತ್ರಿಯಾಗುವ ಮುಂಚೆ ಘಾಟಿ ರಸ್ತೆ ದಾಟಬೇಕಂತೆ. ನಾನು ಅತ್ತೆ. ಅಮ್ಮ ಸೀರೆಯ ಮರಳು ಕೊಡವಿ, ಗಂಟುಗಳನ್ನು ಎತ್ತಿಕೊಂಡು, "ಇನ್ನೊಂದ್ ಸಲ ಬಂದಾಗ ಇಳೀತೀನಿ. ಸಮುದ್ರ ಎಲ್ಲೋಗ್ತದೆ? ನಡಿ" ಅಂದಳು.

ಮಾರನೆಯ ದಿನ ನಮ್ಮ ಮನೆಯ ಹಜಾರದಲ್ಲಿ ಅರ್ಧ ಬೀದಿ ಸೇರಿತ್ತು. ಕನ್ನಡಿಗಳೂ ಸರಗಳೂ ಅವರವರ ಕೈ ಸೇರಿದವು, ಯಾರೂ ಮುನಿಸಿಕೊಳ್ಳಲಿಲ್ಲ, ಅಜ್ಜಿ ಗೆದ್ದವಳಂತೆ ಎಲೆಯಡಿಕೆ ಹಾಕಿಕೊಂಡಳು. ಆಗ ಅಪ್ಪ ತಮ್ಮ ಪೊಟ್ಟಣ ತಂದು ಅಮ್ಮನ ಮಡಿಲಿಗೆ ಇಟ್ಟರು.

"ಕಲ್ಲು ಕೆತ್ತೋರ ಮನೆ ಹುಡುಗೀನ ತಂದಿದೀನಿ, ಮನೇಲಿ ಒಂದು ಕಲ್ಲಿನ ಬೊಂಬೆ ಇಲ್ಲ ಅಂದ್ರೆ ಹೆಂಗೆ? ಟಿವಿ ಪಕ್ಕ ಶೋಕೇಸಲ್ಲಿಡು, ಚೆನ್ನಾಗಿರ್ತದೆ."

ಎಲ್ಲರೂ ನಕ್ಕರು. ಅಮ್ಮ ನಾಚಿದಳು. ಹುರಿ ಬಿಚ್ಚಿದರೆ ಗೇಣುದ್ದದ ಕರಿಕಲ್ಲಿನ ಗಣಪತಿ. ನಿಜಕ್ಕೂ ಮುದ್ದಾಗಿದ್ದ. ಅಮ್ಮ ಸೆರಗಿನಿಂದ ಅವನ ಮುಖ ಒರೆಸಿದಳು, ಸೊಂಡಿಲು ಸವರಿದಳು, ಆಮೇಲೆ ಹೆಬ್ಬೆರಳು ಕಣ್ಣಿನ ಹತ್ತಿರ ಹೋಗಿ ನಿಂತಿತು.

"ರೀ, ಇವನಿಗೆ ಕಣ್ಣು ಬಿಡಿಸಿಬಿಟ್ಟಿದಾರೆ" ಅಂದಳು.

ಯಾರಿಗೂ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಅವಳ ತವರಿನಲ್ಲಿ ವಿಗ್ರಹದ ಕೆಲಸವೆಲ್ಲ ಮುಗಿದರೂ ಕಣ್ಣನ್ನು ಕಟ್ಟಕಡೆಗೆ, ಪೂಜೆ ಮಾಡಿ ಬಿಡಿಸುತ್ತಾರೆ. ಅಲಂಕಾರಕ್ಕೆ ಮಾರುವ ಬೊಂಬೆಗೆ ರೆಪ್ಪೆ ಮಾತ್ರ ಕೆತ್ತಿ ಒಳಗೆ ನುಣ್ಣಗೆ ಬಿಡುತ್ತಾರೆ, ಕಣ್ಣಿನ ಗುಡ್ಡೆ ಗೀರುವುದಿಲ್ಲ. ಇವನಿಗೆ ಗುಡ್ಡೆ ಗೀರಿತ್ತು. ಕಣ್ಣು ಬಿಟ್ಟ ದೇವರನ್ನು ಉಪವಾಸ ಇಡುವ ಹಾಗಿಲ್ಲ.

ಅಪ್ಪನ ಮುಖ ಸಪ್ಪಗಾಯಿತು. "ಮಾರೋಕಿಟ್ಟಿದ್ದು ಕಣೇ, ಅದಕ್ಕೆಲ್ಲ ಏನಿರ್ತದೆ?"

ಅಜ್ಜಿ ಎಲೆಯಡಿಕೆ ಉಗಿದು ಬಂದು ಕೆನ್ನೆ ಬಡಿದುಕೊಂಡಳು. "ಅಯ್ಯೋ ದೇವುಡಾ! ಗೊತ್ತಾದ್ಮೇಲೆ ಹೆಂಗಪ್ಪ ಬಿಡೋದು? ಗಿರಿಜಾ, ಕಂಡಿದ್ದು ನೀನು, ನಿನ್ ಕೈಯಲ್ಲೇ ಆಗ್ಬೇಕು."

ಅಲ್ಲಿಗೆ ಮುಗಿಯಿತು. ಗಣಪತಿ ಶೋಕೇಸಿನ ಬದಲು ದೇವರ ಗೂಡು ಸೇರಿದ. ಅಮ್ಮ ದಿನಾ ಎದ್ದು, ಸ್ನಾನ ಮಾಡಿ, ಒಲೆ ಹಚ್ಚುವ ಮೊದಲು ಅವನಿಗೊಂದು ದೀಪ, ಒಂದು ಚೂರು ಬೆಲ್ಲ. ಮಾವಿನ ಕಾಲದಲ್ಲಿ ಮೊದಲ ಹಣ್ಣಿನ ಹೋಳು. ಪೂಜೆ ಮುಗಿಯುವುದನ್ನೇ ಕಾದು ಆ ಬೆಲ್ಲಕ್ಕೆ ನಾನೂ ಮಂಜುವೂ ಕಿತ್ತಾಡುತ್ತಿದ್ದೆವು. ದೀಪದೆಣ್ಣೆಯ ವಾಸನೆ ಹತ್ತಿದ ಆ ಬೆಲ್ಲದ ರುಚಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ನಮಗೆ ಅದು ಹಬ್ಬ. ಅದು ಅಮ್ಮನಿಗೆ ಏನಾಗಿತ್ತೆಂದು ತಿಳಿಯುವ ವಯಸ್ಸು ನಮ್ಮದಲ್ಲ.

ಮುಂದೆ ಅಪ್ಪ ಎಲ್ಲಿಗೆ ಕರೆದರೂ ಅವಳದು ಒಂದೇ ಉತ್ತರ: "ನೀವ್ ಹೋಗ್ಬನ್ನಿ. ಅವನಿಗೆ ಯಾರು ಇಡ್ತಾರೆ?" ಮದುವೆಗೆ ಹೋದರೆ ಸಂಜೆ ಬಸ್ಸಿಗೆ ವಾಪಸು. ಅವಳ ಸ್ವಂತ ತಮ್ಮನ ಮದುವೆಗೆ ಮಾತ್ರ ಉಳಿಯಲೇಬೇಕಾಯಿತು. ಆಗ ಗಣಪತಿಯನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡು, ಕೋಲಾರದಲ್ಲೊಮ್ಮೆ ಮಾಲೂರಿನಲ್ಲೊಮ್ಮೆ ಬಸ್ಸು ಬದಲಾಯಿಸಿ, ಕೂತರೆ ತೊಡೆಯ ಮೇಲೆ, ಇಳಿದರೆ ಭುಜದ ಮೇಲೆ ಹೊತ್ತುಕೊಂಡು ಹೋದಳು. ಶಿವಾರಪಟ್ಟಣದ ತಾತ, ಅಮ್ಮನ ಅಪ್ಪ, ಉಳಿ ಕೆಳಗಿಟ್ಟು ಬಿದ್ದು ಬಿದ್ದು ನಕ್ಕರು. "ಈ ಊರಿಗೆ ಕಲ್ಲು ಹೊತ್ಕೊಂಡ್ ಬಂದೋಳು ನೀನೊಬ್ಳೇ ಕಣಮ್ಮ!" ಆಮೇಲೆ ಮಗಳ ಭುಜ ನೋಡಿದರು. ಬ್ಯಾಗಿನ ಹಿಡಿ ಒತ್ತಿ ಕೆಂಪಗೆ ಬರೆ ಎದ್ದಿತ್ತು. ನಗು ನಿಂತಿತು.

"ನೀರಿಗೆ ಬಿಟ್ಬಿಡಮ್ಮ. ಪೂಜೆ ಮಾಡಿ ಬಿಟ್ರೆ ತಪ್ಪಿಲ್ಲ. ನಾನು ಹೇಳ್ತಿದೀನಲ್ಲ."

ಅಮ್ಮ ಗಣಪತಿಯ ಮುಖಕ್ಕೆ ಸೆರಗು ಎಳೆದು, "ಮನೆಗೆ ಬಂದೋನನ್ನ ಹೆಂಗಪ್ಪ ನೂಕ್ಲಿ" ಅಂದಳು. ತಾತ ಮತ್ತೆ ಉಳಿ ಕೈಗೆತ್ತಿಕೊಂಡರು.

ನಾನು ಓದಿ, ಕೆಲಸಕ್ಕೆ ಸೇರಿ, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಅದೆಷ್ಟು ಸಲ ಸಮುದ್ರಕ್ಕೆ ಕರೆದೆನೋ. "ಬೆಳಗ್ಗೆ ದೀಪ ಹಚ್ಚಿ ಹೊರಡೋಣಮ್ಮ, ಮಾರನೇ ದಿನ ಬಂದ್ಬಿಡೋಣ." ಮಂಜು ಇಡ್ತಾನೆ ಅಂದರೆ, ಅವನು ಸ್ನಾನ ಮಾಡ್ತಾನೋ ಇಲ್ವೋ ಎನ್ನುವಳು. ಒಂದು ದಿನ ಸಿಟ್ಟು ಬಂದು ಕೇಳಿಯೇಬಿಟ್ಟೆ.

"ಅವತ್ತು ಆ ಕಣ್ಣಿನ ವಿಷ್ಯ ಯಾಕಮ್ಮ ಹೇಳ್ದೆ? ನೀನು ಬಾಯ್ಮುಚ್ಕೊಂಡಿದ್ರೆ ನಮ್ಮನೇಲಿ ಯಾರಿಗೆ ಗೊತ್ತಾಗ್ತಿತ್ತು?"

ಅಮ್ಮ ಬತ್ತಿ ಹೊಸೆಯುತ್ತಿದ್ದಳು. ತಲೆಯೆತ್ತಲಿಲ್ಲ.

"ಅವನು ನೋಡ್ತಿದ್ನಲ್ಲೇ" ಅಂದಳು.

ಅಮ್ಮ ಹೋಗಿ ಎರಡು ಮಾವಿನ ಕಾಲ ಕಳೆಯಿತು. ಹೋದ ಬೇಸಿಗೆಯಲ್ಲಿ ನಮ್ಮ ಮಕ್ಕಳ ಹಟಕ್ಕೆ ನಾವೆಲ್ಲ ಸಮುದ್ರಕ್ಕೆ ಹೋಗಿದ್ದೆವು. ಅದೇ ಚಿಪ್ಪಿನ ಕನ್ನಡಿ, ಅದೇ ಸರ. ಯಾವ ಮನೆಗೆ ಯಾವುದು ಎಂದು ಅಳೆಯುವ ಗೋಜೇ ಇರಲಿಲ್ಲ, ಏಕೆಂದರೆ ನಮ್ಮ ಬೀದಿಯಲ್ಲಿ ಈಗ ಯಾರೂ ಯಾರ ಸಮುದ್ರಕ್ಕೂ ಕಾಯುವುದಿಲ್ಲ. ಎಲ್ಲರೂ ಫೋನಿನಲ್ಲೇ ನೋಡಿಬಿಟ್ಟಿರುತ್ತಾರೆ. ನೀರಿಗೆ ಕಾಲಿಟ್ಟೆ. ಅಲೆ ಬಂದು ಹಿಮ್ಮಡಿಯ ಕೆಳಗಿನ ಮರಳು ಜಾರಿತು. ಜಾಸ್ತಿ ಹೊತ್ತು ನಿಲ್ಲಲಾಗಲಿಲ್ಲ, ಚಪ್ಪಲಿ ಕಾಯುತ್ತೇನೆಂದು ಬಂದು ಕೂತುಬಿಟ್ಟೆ.

ಮೊನ್ನೆ ಊರಿಗೆ ಹೋದಾಗ ನೋಡಿದೆ. ಗಣಪತಿ ಹಜಾರದಲ್ಲಿದ್ದಾನೆ, ಶೋಕೇಸಿನಲ್ಲಿ, ಟಿವಿ ಪಕ್ಕ. ಅಪ್ಪ ಅವತ್ತು ಹೇಳಿದ್ದ ಜಾಗದಲ್ಲೇ. ಮಂಜುವಿನ ಹೆಂಡತಿ ಲತಾ ಕೆಟ್ಟ ಹುಡುಗಿಯಲ್ಲ. ಗಂಡ ಹೆಂಡತಿ ಇಬ್ಬರೂ ನಸುಕಿಗೇ ಕಂಪನಿ ಬಸ್ಸು ಹಿಡಿಯಬೇಕು, ದೀಪಕ್ಕೆ ಹೊತ್ತೆಲ್ಲಿ? ವಾರಕ್ಕೊಮ್ಮೆ ಧೂಳು ಒರೆಸುತ್ತಾಳಂತೆ. ಇಷ್ಟು ದಿನ ದೀಪವಿಲ್ಲ, ಬೆಲ್ಲವಿಲ್ಲ, ಆದರೂ ಏನೂ ಆಗಿಲ್ಲ. ಮಾವು ಚೆನ್ನಾಗಿಯೇ ಬಂದಿದೆ, ಮಕ್ಕಳು ಆರೋಗ್ಯವಾಗಿದ್ದಾರೆ. ಏನೂ ಆಗಲಿಲ್ಲವಲ್ಲ ಎನ್ನುವುದೇ ನನ್ನ ಹೊಟ್ಟೆ ಉರಿಸುತ್ತದೆ.

ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಒಂದು ಚೂರು ಬೆಲ್ಲ ತಂದು ಅವನ ಮುಂದಿಟ್ಟೆ.

"ಅಕ್ಕ, ಅಲ್ಲಿ ಬೇಡ, ಇರುವೆ ಬರ್ತವೆ" ಅಂದಳು ಲತಾ, ಮೆಲ್ಲಗೆ.

ಸರಿಯೇ ಅನ್ನಿಸಿತು. ಅವನು ನೋಡುತ್ತಲೇ ಇದ್ದ. ನಾನು ಬೆಲ್ಲ ಎತ್ತಿ ಬಾಯಿಗೆ ಹಾಕಿಕೊಂಡೆ. ದೀಪದೆಣ್ಣೆಯ ವಾಸನೆ ಇರಲಿಲ್ಲ, ಬರೀ ಸಿಹಿ.