ಸರೋಜವ್ವನ ಪಾಲಿಗೆ ಬಂದ ನೆರಳು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸಿರಿ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಪದಗಳೂ ಕಡಿಮೆ. ಸವಣೂರಿನಲ್ಲಿ ಹಳೆಯ ಕಾಗದಪತ್ರ ಕೂಡಿಸುತ್ತಿರುವವರು, ಕಾಗದದ ಜೊತೆಗೆ ಅದನ್ನು ಕಾಯ್ದುಕೊಂಡು ಬಂದವರ ಬಗ್ಗೆಯೂ ಬರೆದು ಕಳಿಸಿರಿ ಎಂದರು. ಅದಕ್ಕೆ ನಮ್ಮ ಹತ್ತಿಮತ್ತೂರಿನ ಸರೋಜವ್ವನ ಬಗ್ಗೆ ಬರೆಯುತ್ತಿದ್ದೇನೆ. ಅವರು ನಮ್ಮ ಪಕ್ಕದ ಮನೆಯವರು. ವಯಸ್ಸು ಬರೆಯಬೇಡ ಎಂದರು, ಬರೆದಿಲ್ಲ.

ಅವರ ಮನೆಯ ಜಂತಿಗೆ ಕೆಂಪು ಬಟ್ಟೆಯ ಗಂಟೊಂದು ತೂಗುತ್ತದೆ. ಅದರಲ್ಲಿ ಮಾವನ ಕಾಲದಲ್ಲಿ ಆಸ್ತಿ ಹಂಚಿ ಬರೆದ ವಾಟ್ನಿಪತ್ರ, ಕೋರ್ಟಿನ ನೋಟೀಸು, ಎತ್ತು ಕೊಂಡ ಚೀಟಿ, ಯಾರದೋ ಜಾತಕ ಇವೆ. ಮಹಾನವಮಿಯ ಖಂಡೇಪೂಜೆಗೆ ಮಾತ್ರ ಗಂಟು ಇಳಿಯುತ್ತದೆ. ಕುಡಗೋಲು, ನೇಗಿಲು, ಬೈಕಿನ ಸಾಲಿನಲ್ಲಿ ಕಾಗದಗಳನ್ನೂ ಇಟ್ಟು ಕುಂಕುಮ ಹಚ್ಚಿ ಮತ್ತೆ ಕಟ್ಟುತ್ತಾರೆ. ಓದುವ ರೂಢಿ ಇಲ್ಲ.

ಆದರೂ ತಮ್ಮ ಪಾಲಿನ ಮಾತು ಸರೋಜವ್ವನಿಗೆ ಬಾಯಿಪಾಠ. ಆಸ್ತಿ ಹಂಚುವಾಗ ಅಂಗಳದ ಬೇವಿನ ಗಿಡ ಹಿರಿಯ ಮಗನಿಗೆ ಹೋಯಿತಂತೆ, ಅದರ ನೆರಳು ಕಿರಿಯ ಮಗನಿಗೆ, ಅಂದರೆ ಇವರ ಗಂಡನಿಗೆ. ಆ ನೆರಳಿನಲ್ಲಿ ಹಗ್ಗದ ಹೊರಸು ಹಾಕಿ ಕೂತೇ ಅವರ ದಿನ ಕಳೆಯುತ್ತದೆ. ಮೆಣಸಿನಕಾಯಿ ತೊಟ್ಟು ಬಿಡಿಸುವುದು, ಓಣಿಯ ಸಂಬಂಧ ಕುದುರಿಸುವುದು, ಮುರಿಯುವುದು ಎಲ್ಲ ಅಲ್ಲೇ. ಉದುರಿದ ಎಲೆಯನ್ನು ಮಾತ್ರ ಕಾಲಿನಿಂದ ಆಚೆ ಅಂಗಳಕ್ಕೆ ನೂಕುತ್ತಿದ್ದರು. ಎಲೆ ಗಿಡದ್ದು, ಗಿಡ ಆಚೆಯವರದು ಎಂಬುದು ಇವರ ಲೆಕ್ಕ.

ಆಚೆ ಅಂಗಳ ಅವರ ಭಾವನ ಮಗ ಮೃತ್ಯುಂಜಯನದು. ಎಲೆ ಗುಡಿಸಿ ಅವನ ಹೆಂಡತಿ ಶ್ವೇತಾಗೆ ಸಾಕಾಗಿತ್ತು. ಗಿಡ ಕಡಿಸಿ ಟ್ರ್ಯಾಕ್ಟರಿಗೆ ಶೆಡ್ಡು ಹಾಕುತ್ತೇನೆ ಎಂದು ಅವನು ಹೊರಟ. ಸರೋಜವ್ವ ತಮ್ಮ ಪಾಲಿನ ಮಾತು ಎತ್ತಿದರು.

"ನೆರಳು ನಿಂದಾದ್ರ ಒಳಗ ಒಯ್ದು ಇಟ್ಕೋ ಚಿಗವ್ವ," ಎಂದ ಅವನು.

ಮಹಾನವಮಿ ದೂರವಿದ್ದರೂ ಸರೋಜವ್ವ ತಲೆಗೆ ನೀರು ಹಾಕಿಕೊಂಡು, ದೀಪ ಹಚ್ಚಿ, ಗಂಟು ಇಳಿಸಿದರು. ಓಣಿಯ ಹಿರಿಯರಾದ ಶಿದ್ಲಿಂಗಪ್ಪನವರು ಎಲ್ಲರೆದುರು ಓದತೊಡಗಿದರು. ಬೀಸುವ ಕಲ್ಲು, ಎಮ್ಮೆ, ಹಿತ್ತಲ ಗೋಡೆ ಎಲ್ಲ ಬಂತು. ಬೇವಿನ ಮಾತು ಬರುವಲ್ಲಿ ಗಟ್ಟಿಯಾದ ಕುಂಕುಮ, ಅಕ್ಷರವೇ ಕಾಣದು. 'ಇಲ್ಲೈತಿ ನಿನ್ನ ನೆರಳು' ಎಂದು ಗಂಡ ಒಮ್ಮೆ ಬೆರಳಿಟ್ಟು ತೋರಿಸಿದ್ದರಂತೆ. ಅಂದಿನಿಂದ ಸರೋಜವ್ವ ಪ್ರತಿ ಪೂಜೆಗೂ ಸರಿಯಾಗಿ ಅಲ್ಲೇ ಹೆಬ್ಬೆರಳು ಒತ್ತಿದ್ದರು.

ಮೃತ್ಯುಂಜಯ ಕೊಡಲಿಯವನಿಗೆ ಫೋನು ಮಾಡಲು ಎದ್ದ.

ಕಾಗದ ಹಾರದಂತೆ ಮೂಲೆ ಹಿಡಿದು ಕೂತಿದ್ದವಳು ನಾನು. ಹಿಂಬದಿಗೆ ಮಸಿ ಇಳಿದು ಅಕ್ಷರ ಉಲ್ಟಾ ಮೂಡಿದ್ದು ಕಂಡಿತು. ಜನರೆದುರು ಹೇಳಲು ಬಾಯಿ ಬರಲಿಲ್ಲ, ಸರೋಜವ್ವನ ಕಿವಿಯಲ್ಲಿ ಹೇಳಿದೆ. ಅವರೇ ಒಳಗಿನಿಂದ ಕನ್ನಡಿ ತಂದು ಹಿಡಿದರು. ನಾನು ಮೆಲ್ಲಗೆ ಓದಿದ್ದನ್ನು ಶಿದ್ಲಿಂಗಪ್ಪನವರು ಮಂತ್ರದ ಹಾಗೆ ಗಟ್ಟಿಯಾಗಿ ಹೇಳುತ್ತಾ ಹೋದರು. ಗಿಡ ಹಿರಿಯವನದು. ನೆರಳು ಕಿರಿಯವನದು. ನೆರಳಿನ ಹಕ್ಕು ಇರುವತನಕ ಗಿಡ ಕಡಿಯತಕ್ಕದ್ದಲ್ಲ.

ಸರೋಜವ್ವ ಸೆರಗು ಸರಿಮಾಡಿಕೊಂಡು ಎಲ್ಲರ ಮುಖ ನೋಡಿದರು. ಆದರೆ ಕುಂಕುಮದ ಕೆಳಗೆ ಇನ್ನೊಂದು ಸಾಲು ಇತ್ತು. ಬಿಡಲಿಕ್ಕೆ ಬರುವುದಿಲ್ಲವಲ್ಲ, ಓದಿದೆ. ಉದುರಿದ ಎಲೆ, ಹಣ್ಣುಗಳನ್ನು ಎರಡೂ ಅಂಗಳದಲ್ಲಿ ನೆರಳಿನವರೇ ಗುಡಿಸತಕ್ಕದ್ದು, ತಪ್ಪಿದರೆ ಹಕ್ಕು ಹೋಗತಕ್ಕದ್ದು.

ಶ್ವೇತಾ ಎದ್ದು ಹೋಗಿ ಕಸಬರಿಗೆ ತಂದು ಹೊರಸಿಗೆ ಆನಿಸಿದಳು.

"ಒಂದ ದಿನಾನೂ ಗುಡಿಸಿಲ್ಲ ನೀ. ಹಕ್ಕು ಹೋತಲ್ಲ ಚಿಗವ್ವ," ಎಂದ ಮೃತ್ಯುಂಜಯ.

"ಇಷ್ಟ ದಿನ ಅದರ ಮ್ಯಾಲ ಕುಂಕುಮ ಇತ್ತು. ಕಾಣಲಾರದ್ದನ್ನ ಹೆಂಗ ಮಾಡ್ಲಿ? ಈಗ ಕಂಡೈತಿ," ಎಂದು ಸರೋಜವ್ವ ಕಸಬರಿಗೆ ಎತ್ತಿಕೊಂಡು ನೇರವಾಗಿ ಆಚೆ ಅಂಗಳಕ್ಕೆ ನಡೆದರು.

ಗುಡಿಸುವವರು ಸಿಕ್ಕ ಮೇಲೆ ಗಿಡ ಇರಲಿ ಎಂದು ಶ್ವೇತಾಳೇ ಗಂಡನಿಗೆ ಹೇಳಿದಳು. ಶೆಡ್ಡು ಹಿತ್ತಲಿಗೆ ಹೋಯಿತು. ಈಗ ಸರೋಜವ್ವ ಬೆಳಿಗ್ಗೆ ಎರಡೂ ಅಂಗಳ ಗುಡಿಸುತ್ತಾರೆ, ಎಲೆ ಎಲೆಗೂ ಮಾವನವರನ್ನು ನೆನೆಯುತ್ತಾರೆ. ಆ ಮಾತುಗಳನ್ನು ಇಲ್ಲಿ ಬರೆಯಲಾರೆ.

ನಾಳೆ ನಾನು ವಾಟ್ನಿಪತ್ರದ ನಕಲೊಂದನ್ನು ಬರೆದು ಅವರಿಗೆ ಕೊಡುತ್ತೇನೆ, ಇನ್ನು ಮೇಲೆ ಅದಕ್ಕೇ ಕುಂಕುಮ ಹಚ್ಚಲಿಕ್ಕೆ.